ಎಡಗೈ ದರ್ಜಿಯ ತೋಳು

ಎಕ್ಸೆಟರ್
9 ಅಕ್ಟೋಬರ್ 1971

ಮಾನ್ಯ ಕುಮಾರಿ ಮ್ಯಾಕ್‌ಹಾರ್ಡಿಯವರಿಗೆ,

ನನ್ನ ಹೆಸರು ಹೊರೇಸ್ ಟ್ರೆಲೀವನ್. ಐವತ್ತೊಂದು ವರ್ಷ ಗಂಡಸರ ಕೋಟು ಹೊಲಿದು, ಮೂರು ವರ್ಷದ ಹಿಂದೆ ಕತ್ತರಿ ಕೆಳಗಿಟ್ಟವನು. ನಿಮ್ಮ ಗ್ಲೆನ್‌ಹ್ಯಾರೊ ಮನೆಯ ಸಂಗ್ರಹಾಲಯದ ಹಳೆಯ ಉಡುಪುಗಳೆಲ್ಲ ನಿಮ್ಮ ವಶದಲ್ಲಿವೆ, ನೀವು ಪತ್ರಕ್ಕೆ ಉತ್ತರ ಬರೆಯುವವರು ಎಂದು ಕೇಳಿ ಬರೆಯುತ್ತಿದ್ದೇನೆ.

ಇನ್ನೂರು ವರ್ಷದ ಹಿಂದಿನ ಗಂಡಸರ ಸೂಟುಗಳು ನನ್ನ ಹುಚ್ಚು. ಅವುಗಳ ಬಗ್ಗೆ ಬರೆದವರೆಲ್ಲ ಕಸೂತಿಯ ಬಗ್ಗೆ ಬರೆಯುತ್ತಾರೆ. ಹಾಕಿಕೊಂಡ ದೊರೆಯ ಹೆಸರು ಗೊತ್ತು, ಅವನ ನಾಯಿಯ ಹೆಸರೂ ಗೊತ್ತು, ಹೊಲಿದವನ ಹೆಸರು ಮಾತ್ರ ಎಲ್ಲೂ ಇಲ್ಲ. ಕೋಟು ಹೇಗೆ ನಿಂತಿದೆ, ಎದೆ ನೆಟ್ಟಗಿರಲೆಂದು ಒಳಗಿಟ್ಟ ಕ್ಯಾನ್ವಾಸ್ ಎಲ್ಲಿ ಮುಗಿಯುತ್ತದೆ, ಪಕ್ಕದ ನೆರಿಗೆ ಯಾಕೆ ಜೋತು ಬೀಳುವುದಿಲ್ಲ, ಇದನ್ನು ಯಾರೂ ಕೇಳಲಿಲ್ಲ. ನಾನು ಮೂವತ್ತು ವರ್ಷದಿಂದ ಭಾನುವಾರಗಳಲ್ಲಿ ಕೇಳುತ್ತಾ ಬಂದೆ. ಕೋಟಿಗೊಂದರಂತೆ ಹೊಲಿಗೆಗಳ ನಕ್ಷೆ ಅರವತ್ತೆರಡು ಹಾಳೆ ಆಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಟಾಟ್ನೆಸ್ ಹತ್ತಿರದ ಒಂದು ದೊಡ್ಡ ಮನೆಯಲ್ಲಿ ಒಂದು ಕೋಟು ಇದೆ. ಬಾತ್ ಪಟ್ಟಣದ ಕಡೆ ಒಬ್ಬ ಕರ್ನಲ್ಲರ ವಿಧವೆಯ ಪೆಟ್ಟಿಗೆಯಲ್ಲಿ ಇನ್ನೊಂದಿದೆ. ಎರಡರಲ್ಲೂ ತೋಳು ಕೂರಿಸಿದವನು ಒಬ್ಬನೇ, ಮತ್ತು ಅವನು ಎಡಗೈಯವನು. ಬಲಗೈಯವನ ಹೊಲಿಗೆ ಒಂದು ಕಡೆ ವಾಲಿದರೆ ಎಡಗೈಯವನದು ಇನ್ನೊಂದು ಕಡೆ ವಾಲುತ್ತದೆ. ಜೊತೆಗೆ ಕಂಕುಳಿನ ತಳದಲ್ಲಿ, ಹೊಲಿಗೆಗಳು ಸೇರುವಲ್ಲಿ, ಒಂದರ ಮೇಲೊಂದು ಅಡ್ಡ ಹಾಕಿ ಸಾಸಿವೆಯಷ್ಟು ಸಣ್ಣ ಶಿಲುಬೆಯಂಥ ಗುರುತು ಇಟ್ಟಿದ್ದಾನೆ. ನಾನೂ ಎಡಗೈಯವನಾಗಿ ಹುಟ್ಟಿದವನು. ಕೆಲಸ ಕಲಿಯಲು ಸೇರಿದ ವರ್ಷ ಮೇಸ್ತ್ರಿ ನನ್ನ ಎಡಗೈಯನ್ನು ಪಟ್ಟಿಯಿಂದ ಸೊಂಟಕ್ಕೆ ಕಟ್ಟಿ ಕೂರಿಸಿದ್ದರು. "ದೇವರು ಬಲಗೈ ಕೊಟ್ಟಿರೋದು ಸೂಜಿಗೆ ಕಣೋ, ಎಡಗೈ ಕೊಟ್ಟಿರೋದು ಬಟ್ಟೆ ಹಿಡಿಯೋಕೆ" ಅನ್ನುತ್ತಿದ್ದರು. ಹಾಗೆ ಕೈ ಕಟ್ಟಿಸಿಕೊಳ್ಳದೆ ಗೆದ್ದವನೊಬ್ಬ 1760ರಲ್ಲಿ ಇದ್ದ ಎಂದು ತೋರಿಸಿ ಸಾಯಬೇಕು ನನಗೆ.

ನಿಮ್ಮಲ್ಲಿರುವ ನೇರಳೆ ಬಣ್ಣದ ರೇಷ್ಮೆ ಸೂಟಿನ ಕೋಟು ಅದೇ ಕಾಲದ್ದು, ಅದೇ ಮಾದರಿಯದು. ಮೂರನೆಯದರಲ್ಲೂ ಅದೇ ಕೈ ಸಿಕ್ಕರೆ ನನ್ನ ಹಾಳೆಗಳನ್ನು ಪುಸ್ತಕ ಮಾಡುವುದಾಗಿ ಲಂಡನ್ನಿನ ಹಳೆಯ ಉಡುಪುಗಳ ಸಂಘದವರು ಮಾತು ಕೊಟ್ಟಿದ್ದಾರೆ. ಮೇ 18ಕ್ಕೆ ನನ್ನ ಭಾಷಣವನ್ನೂ ಇಟ್ಟಿದ್ದಾರೆ. ಕಣ್ಣಿನ ಡಾಕ್ಟರು ಮಾತ್ರ ಅಷ್ಟು ಧಾರಾಳಿಯಲ್ಲ. ಬೇಸಿಗೆಯ ಹೊತ್ತಿಗೆ ನನಗೆ ದಾರ ಕಾಣುವುದಿಲ್ಲವಂತೆ. ನಾನು ಅಷ್ಟು ದೂರ ಬರಲಾರೆ. ನನ್ನ ಪರವಾಗಿ ನೀವು ನೋಡುತ್ತೀರಾ?

ವಂದನೆಗಳು,
ಹೊರೇಸ್ ಟ್ರೆಲೀವನ್


ಗ್ಲೆನ್‌ಹ್ಯಾರೊ ಮನೆ, ಅಬರ್ಡೀನ್ ಪ್ರಾಂತ
25 ಅಕ್ಟೋಬರ್ 1971

ಶ್ರೀ ಟ್ರೆಲೀವನ್ ಅವರಿಗೆ,

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಒಂದು ಹೊಲಿಗೆಯನ್ನೂ ಬಿಚ್ಚುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಇಲ್ಲಿದ್ದೇನೆ, ಒಂದು ಗುಂಡಿಯನ್ನೂ ಬಿಗಿ ಮಾಡಿಲ್ಲ. ಅಳೆಯುವುದು, ಬರೆದಿಡುವುದು, ಹುಳ ಬೀಳದಂತೆ ಕಾಯುವುದು, ಇಷ್ಟೇ ನನ್ನ ಕೆಲಸ. ನನಗೆ ಕೋಟು ಹೊಲಿಯಲು ಬರುವುದಿಲ್ಲ.

ನಿಮ್ಮ ಅದೃಷ್ಟಕ್ಕೆ ಎಡ ಕಂಕುಳಿನ ಲೈನಿಂಗ್ ತಾನಾಗಿಯೇ ಎರಡು ಇಂಚು ಬಿಟ್ಟುಕೊಂಡಿದೆ. ನಮ್ಮೂರ ಹಲ್ಲಿನ ಡಾಕ್ಟರ ಹತ್ತಿರ ಪುಟ್ಟ ಕನ್ನಡಿ ಇಸಕೊಂಡು ಒಳಗೆ ನೋಡಿದೆ. ಅವರು "ಯಾರ ಹಲ್ಲು ಇಸೊಬೆಲ್?" ಎಂದು ಕೇಳಿದರು. "ಒಬ್ಬ ದೊರೆಯದು, ಇನ್ನೂರು ವರ್ಷದಿಂದ ನೋವಂತೆ" ಎಂದೆ. ಅವರು ನಗಲಿಲ್ಲ.

ಹೊಲಿಗೆ ನೀವು ಹೇಳಿದ ಕಡೆಗೇ ವಾಲಿದೆ. ಇಂಚಿಗೆ ಹದಿನಾಲ್ಕು, ಎಲ್ಲವೂ ಒಂದೇ ಸಮ. ತೋಳಿನ ಹಿಂಭಾಗದಲ್ಲಿ ಬಟ್ಟೆ ಅದು ಕೂರುವ ಕಂಡಿಗಿಂತ ಹೆಚ್ಚಾಗಿದ್ದರೂ ಸುಕ್ಕಿಲ್ಲ. ಹೆಚ್ಚಿನ ಬಟ್ಟೆ ಎಲ್ಲಿ ಹೋಯಿತು ಎಂದು ನನಗೆ ತಿಳಿಯಲಿಲ್ಲ. ಕಂಕುಳಿನ ತಳದಲ್ಲಿ ನಿಮ್ಮ ಶಿಲುಬೆ ಇದೆ.

ಒಂದು ಮಾತು ಕೇಳಬೇಕು. ಈ ಕೋಟಿನ ಒಳಗೆ ಬೇರೆಲ್ಲ ಕಡೆ ಹೊಲಿಗೆ ಒರಟು, ಇಂಚಿಗೆ ಐದೋ ಆರೋ, ಬೇಲಿ ಕಟ್ಟಿದ ಹಾಗಿದೆ. ತೋಳು ಮಾತ್ರ ಯಾಕೆ ಹೀಗೆ? ಅಳತೆಗಳನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ.

ಇಸೊಬೆಲ್ ಮ್ಯಾಕ್‌ಹಾರ್ಡಿ


ಎಕ್ಸೆಟರ್
2 ನವೆಂಬರ್ 1971

ಪ್ರಿಯ ಕುಮಾರಿ ಮ್ಯಾಕ್‌ಹಾರ್ಡಿ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಪಕ್ಕದ ಮನೆಯ ಪಾಸ್ಕೋ ಅಮ್ಮನಿಗೂ ಓದಿ ಹೇಳಿದೆ. "ಒಳ್ಳೇದಾಯ್ತು ಬಿಡಿ, ಈಗಾದ್ರೂ ಸರಿಯಾಗಿ ಊಟ ಮಾಡಿ" ಎಂದು ಒಂದು ಕಡುಬು ಕೊಟ್ಟು ಹೋದರು. ಮೂರೂ ಕೋಟು ಒಂದೇ ಕೈ. ಸಂಘದವರಿಗೆ ಇವತ್ತೇ ಬರೆದು ಹಾಕಿದೆ.

ನಿಮ್ಮ ಪ್ರಶ್ನೆ ಚೆನ್ನಾಗಿದೆ. ಆ ಕಾಲದ ದರ್ಜಿಗಳು ಕಣ್ಣು ಬೀಳದ ಕಡೆ ಒಂದು ಹೊಲಿಗೆಯನ್ನೂ ದಂಡ ಮಾಡುತ್ತಿರಲಿಲ್ಲ. ಒಳಗೆಲ್ಲ ಅವಸರವೇ. ಇದನ್ನು ನಾನೇ ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಆದರೆ ತೋಳಿನ ಮಾತು ಬೇರೆ. ಆ ಕೋಟುಗಳಲ್ಲಿ ತೋಳನ್ನು ಬಹಳ ಹಿಂದಕ್ಕೆ ಕೂರಿಸುತ್ತಾರೆ, ಹಾಕಿಕೊಂಡವನು ಭುಜ ಇಳಿಬಿಟ್ಟು ನಿಲ್ಲುವಂತಿಲ್ಲ. ತೋಳು ಕೆಟ್ಟರೆ ಕೋಟೇ ಕೆಟ್ಟಿತು. ಹಾಗಾಗಿ ನಮ್ಮ ಎಡಗೈ ಮೇಸ್ತ್ರಿ ಉಳಿದದ್ದನ್ನು ಕೈಕೆಳಗಿನವರಿಗೆ ಬಿಟ್ಟು ತೋಳನ್ನು ಮಾತ್ರ ತಾನೇ ಕೂರಿಸಿದ್ದಾನೆ. ಇಂಥ ತೋಳನ್ನು ನಾನು ಯಾರ ಕೈಯಲ್ಲೂ ನೋಡಿಲ್ಲ. ನನ್ನ ಕೈಯಲ್ಲೂ ನೋಡಿಲ್ಲ, ಇದನ್ನು ನಾನು ಸುಲಭವಾಗಿ ಒಪ್ಪುವವನಲ್ಲ.

ನನ್ನ ಹೆಂಡತಿ ಐವಿಯೂ ಎಡಗೈಯವಳೇ. ತೀರಿಕೊಂಡು ಹನ್ನೆರಡು ವರ್ಷವಾಯಿತು. ಮದುವೆಯಾದ ಹೊಸದರಲ್ಲಿ ಅಂಗಡಿಯ ಹಲಗೆಯ ಮೇಲೆ ನನ್ನ ಪಕ್ಕ ಕೂತಿದ್ದಳು. ನನ್ನ ಬಲ ಮೊಣಕೈಗೂ ಅವಳ ಎಡ ಮೊಣಕೈಗೂ ದಿನವಿಡೀ ಜಗಳ. ಕೊನೆಗೆ ಅಡುಗೆಮನೆಯ ಮೇಜಿಗೆ ಕಳಿಸಿದೆ. ಅಲ್ಲಿ ಬಾತ್‌ನ ಹಾರ್ಬಿನ್ ಎಂಬ ಹಳೇ ಸಾಮಾನಿನ ವ್ಯಾಪಾರಿಗೆ ನಾಟಕದವರ ಬಟ್ಟೆ ರಿಪೇರಿ ಮಾಡಿಕೊಡುತ್ತಿದ್ದಳು. ನನ್ನ ಹಾಳೆಗಳನ್ನು ಕಂಡರೆ ಅವಳಿಗೆ ತಮಾಷೆ. "ಸತ್ತು ಇನ್ನೂರು ವರ್ಷ ಆದೋರ ಹೊಲಿಗೆ ಮಾತ್ರ ಕಣ್ಣಿಗೆ ಬೀಳುತ್ತೆ ನಿಂಗೆ" ಅನ್ನುತ್ತಿದ್ದಳು. ಬಾಯಿ ಬಹಳ.

ಬಲತೋಳನ್ನೂ ನೋಡಿ ಬರೆಯಿರಿ.

ನಿಮ್ಮ ಕೃತಜ್ಞ,
ಹೊರೇಸ್ ಟ್ರೆಲೀವನ್


ಗ್ಲೆನ್‌ಹ್ಯಾರೊ ಮನೆ
29 ನವೆಂಬರ್ 1971

ಶ್ರೀ ಟ್ರೆಲೀವನ್ ಅವರಿಗೆ,

ಬಲತೋಳಿನ ಅಳತೆ ಇಟ್ಟಿದ್ದೇನೆ. ಆ ಕಡೆಯ ಲೈನಿಂಗೂ ಒಂದು ಬೆರಳಷ್ಟು ಬಿಟ್ಟುಕೊಂಡಿತ್ತು, ಕನ್ನಡಿ ಒಳಗೆ ಹೋಯಿತು. ಅಲ್ಲಿಯೂ ಹದಿನಾಲ್ಕು, ಅಲ್ಲಿಯೂ ಶಿಲುಬೆ.

ಕಾಲೇಜಿನಲ್ಲಿ ಕಲ್ಲು ಪರೀಕ್ಷೆ ಮಾಡುವವರಿಂದ ಒಂದು ದೀಪ ತಂದು ಕೋಟನ್ನು ನೋಡಿದೆ. ಅದರ ವಿಷಯ ಆಮೇಲೆ ಬರೆಯುತ್ತೇನೆ, ಇನ್ನೂ ನನಗೇ ಖಚಿತವಿಲ್ಲ.

ನಮ್ಮ ದಾಖಲೆ ಪುಸ್ತಕದ ಪ್ರಕಾರ ಈ ಸೂಟು 1956ರಲ್ಲಿ ಬಂದದ್ದು, ಮಾರಿದವರು ಬಾತ್‌ನ ಹಾರ್ಬಿನ್. ನಿಮ್ಮ ಪತ್ರದಲ್ಲೂ ಆ ಹೆಸರು ನೋಡಿದೆ. ಅವರ ಹತ್ತಿರ ನಿಮ್ಮ ಶ್ರೀಮತಿಯವರು ಎಷ್ಟು ವರ್ಷ ಕೆಲಸ ಮಾಡಿದರು? ಅವರ ಕೈಯಿಂದ ಹೊಲಿದದ್ದು ಏನಾದರೂ ನಿಮ್ಮ ಮನೆಯಲ್ಲಿ ಉಳಿದಿದೆಯೇ? ಇದ್ದರೆ ನೋಡಬಹುದೇ?

ಇಲ್ಲಿ ಹಿಮ ಶುರುವಾಗಿದೆ.

ಇಸೊಬೆಲ್ ಮ್ಯಾಕ್‌ಹಾರ್ಡಿ


ಎಕ್ಸೆಟರ್
7 ಡಿಸೆಂಬರ್ 1971

ಪ್ರಿಯ ಕುಮಾರಿ ಮ್ಯಾಕ್‌ಹಾರ್ಡಿ,

ಹಾರ್ಬಿನ್ ನಿಮಗೂ ಮಾರಿದ್ದನೇ? ಆ ಮನುಷ್ಯ ರಾಜರಿಂದ ಹಿಡಿದು ನಾಟಕದವರವರೆಗೆ ಎಲ್ಲರಿಗೂ ಮಾರುತ್ತಿದ್ದ. ಯುದ್ಧ ಮುಗಿದ ಮೇಲಿಂದ ಐವಿ ಸಾಯುವವರೆಗೂ ಗುರುವಾರ ಗುರುವಾರ ಬಿಳಿ ದುಪ್ಪಟಿಯಲ್ಲಿ ಕಟ್ಟಿದ ಗಂಟು ಬರುತ್ತಿತ್ತು, ಮುಂದಿನ ಗುರುವಾರ ವಾಪಸ್ಸು ಹೋಗುತ್ತಿತ್ತು. ಅದರಲ್ಲಿ ಏನಿರುತ್ತಿತ್ತೋ ನಾನು ನೋಡಲಿಲ್ಲ. ರಾಜನ ವೇಷ, ಮಂತ್ರಿಯ ವೇಷ ಇರಬೇಕು.

ಅವಳ ಹೊಲಿಗೆ ಕೇಳುತ್ತೀರಿ. ಕುಮಾರಿ ಮ್ಯಾಕ್‌ಹಾರ್ಡಿ, ಈ ಮುದುಕ ಎಂಥ ಗಂಡನಾಗಿದ್ದ ಎಂದು ವಿಚಾರಣೆ ನಡೆಸುತ್ತಿದ್ದೀರೋ ಹೇಗೆ? ಪಾಸ್ಕೋ ಅಮ್ಮ ಆಗಲೇ ಒಂದು ಹುಬ್ಬು ಮೇಲೆತ್ತಿದ್ದಾರೆ. ಇರಲಿ. 1952ರ ಚಳಿಗಾಲದಲ್ಲಿ ಇಸ್ತ್ರಿ ಪೆಟ್ಟಿಗೆ ಬಿದ್ದು ನನ್ನ ಬಲಗೈ ಸುಟ್ಟಿತ್ತು. ನನ್ನ ಕಪ್ಪು ಕೋಟು ಅರ್ಧಕ್ಕೆ ನಿಂತಿತ್ತು, ಅಣ್ಣನ ಅಂತ್ಯಕ್ರಿಯೆ ಮುಂದಿತ್ತು. ತೋಳುಗಳನ್ನು ಐವಿ ಕೂರಿಸಿದಳು. "ಹೇಗಿದೆ?" ಎಂದು ಕೇಳಿದಳು. "ಹೆಣದ ಮುಂದೆ ನಿಲ್ಲೋಕೆ ಸಾಕು" ಎಂದೆ. ಏಳು ವರ್ಷದ ಮೇಲೆ ಅದೇ ಕೋಟು ಹಾಕಿಕೊಂಡು ಅವಳನ್ನೇ ಮಣ್ಣು ಮಾಡಿ ಬಂದೆ. ಒಳಗೆ ಬಿಚ್ಚಿ ನೋಡಿದವನಲ್ಲ. ಇವತ್ತಿನ ಟಪಾಲಿನಲ್ಲಿ ಕಳಿಸುತ್ತಿದ್ದೇನೆ, ನೋಡಿ ವಾಪಸ್ಸು ಮಾಡಿ. ನನ್ನ ಹತ್ತಿರ ಇರುವ ಒಳ್ಳೆಯ ಕೋಟು ಅದೊಂದೇ.

ದೀಪದ ವಿಷಯ ಏನು? ನನಗೆ ದೀಪಗಳೆಲ್ಲ ಈಗ ಸುತ್ತ ಬಳೆ ಹಾಕಿಕೊಂಡು ಕಾಣುತ್ತಿವೆ.

ಹೊರೇಸ್ ಟ್ರೆಲೀವನ್


ಎಕ್ಸೆಟರ್
5 ಫೆಬ್ರವರಿ 1972

ಕುಮಾರಿ ಮ್ಯಾಕ್‌ಹಾರ್ಡಿಯವರಿಗೆ,

ಎರಡು ತಿಂಗಳಾಯಿತು, ಒಂದು ಸಾಲಿಲ್ಲ. ಕ್ರಿಸ್‌ಮಸ್‌ಗೆ ನಾನು ಕಳಿಸಿದ ಕಾರ್ಡಿಗೂ ಉತ್ತರವಿಲ್ಲ. ಹುಷಾರಿಲ್ಲವೇನೋ ಎಂದು ಮೊದಲು ಅಂದುಕೊಂಡೆ. ಆಮೇಲೆ ನಿಮ್ಮ ಮನೆಯ ಆಡಳಿತ ಮಂಡಳಿಯವರು ತಡೆದಿರಬೇಕು ಎಂದುಕೊಂಡೆ.

ನಾನು ನಿಮ್ಮ ಕೋಟಿನ ನಕ್ಷೆ ಬರೆಯುತ್ತಿದ್ದೇನೆ. ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ, ಕಿಟಕಿಯ ಬೆಳಕು ಇದ್ದಷ್ಟು ಹೊತ್ತು. ಗೆರೆ ಎಳೆದ ಮೇಲೆ ಬೆರಳಿನಿಂದ ಸವರಿ ನೋಡಿಕೊಳ್ಳುತ್ತೇನೆ. ಇದು ನನ್ನ ಕೊನೆಯ ನಕ್ಷೆ, ನನಗೆ ಗೊತ್ತು. ತೋಳಿನ ಹಿಂಭಾಗದ ಹೆಚ್ಚಿನ ಬಟ್ಟೆಯನ್ನು ಅವನು ಹೇಗೆ ಹಂಚಿದ್ದಾನೆ, ಅದೊಂದು ಬೇಕು. ಹೊಲಿಗೆ ಹೊಲಿಗೆಯಾಗಿ ಎಣಿಸಿ ಕಳಿಸಿ. ನನ್ನ ಕೋಟನ್ನೂ ಕಳಿಸಿ.

ಹೊ. ಟ್ರೆಲೀವನ್


ಗ್ಲೆನ್‌ಹ್ಯಾರೊ ಮನೆ
19 ಫೆಬ್ರವರಿ 1972

ಶ್ರೀ ಟ್ರೆಲೀವನ್ ಅವರಿಗೆ,

ತಡವಾದದ್ದಕ್ಕೆ ಕ್ಷಮಿಸಿ. ನಿಮ್ಮ ಕೋಟು ಕ್ಷೇಮವಾಗಿದೆ. ಗಣಿ ಕಾರ್ಮಿಕರ ಮುಷ್ಕರದಿಂದ ಇಲ್ಲಿ ದಿನಕ್ಕೆ ಏಳೆಂಟು ಗಂಟೆ ಕರೆಂಟಿಲ್ಲ. ಉಡುಪಿನ ಕೋಣೆಗೆ ಮೇಣದ ಬತ್ತಿ ಒಯ್ಯುವಂತಿಲ್ಲ.

ನಮ್ಮ ಕೋಟಿನ ವಿಷಯವನ್ನು ಮೇ ತಿಂಗಳ ಭಾಷಣದಲ್ಲಿ ಎತ್ತಬಾರದೆಂದು ಕೇಳಿಕೊಳ್ಳುತ್ತೇನೆ. ಮಂಡಳಿಯವರ ಒಪ್ಪಿಗೆ ಸಿಗಲಾರದು. ಉಳಿದ ಹಾಳೆಗಳ ಮೇಲೆ ಮಾತಾಡಿ. ಅವೇ ಬೇಕಾದಷ್ಟಿವೆ.

ಇಸೊಬೆಲ್ ಮ್ಯಾಕ್‌ಹಾರ್ಡಿ


ಎಕ್ಸೆಟರ್
26 ಫೆಬ್ರವರಿ 1972

ಕುಮಾರಿ ಮ್ಯಾಕ್‌ಹಾರ್ಡಿ,

ಅರ್ಥವಾಯಿತು. ನನಗೆ ಕಣ್ಣು ಹೋಗುತ್ತಿದೆ, ತಲೆಯಲ್ಲ.

ಹೊಲಿಯಲು ಬಾರದ ನಿಮಗೆ ಆ ಕೋಟಿನಲ್ಲಿ ಏನಿದೆ ಎಂದು ತೋರಿಸಿಕೊಟ್ಟವನು ನಾನು. ಈಗ ಅದು ಮಂಡಳಿಯ ಸ್ವತ್ತಾಯಿತು. ಇನ್ನೆರಡು ವರ್ಷಕ್ಕೆ ನಿಮ್ಮ ಹೆಸರಿನಲ್ಲಿ ಒಂದು ಲೇಖನ ಬರುತ್ತದೆ, ಆ ಹೊತ್ತಿಗೆ ಓದಿ ಜಗಳವಾಡಲು ನನಗೆ ಕಣ್ಣಿರುವುದಿಲ್ಲ. ಒಳ್ಳೆಯ ಲೆಕ್ಕಾಚಾರ. ದೊಡ್ಡ ಮನೆಗಳ ಜನ ಯಾವಾಗಲೂ ಹೀಗೇ, ದರ್ಜಿಯನ್ನು ಹಿಂಬಾಗಿಲಿನಲ್ಲಿ ಬರಮಾಡಿ ಹಿಂಬಾಗಿಲಿನಲ್ಲೇ ಕಳಿಸುತ್ತಾರೆ.

ನಕ್ಷೆ ಮುಗಿದಿದೆ. ಮೇ 18ಕ್ಕೆ ಮೂರೂ ಕೋಟುಗಳ ಬಗ್ಗೆ ಮಾತಾಡಿಯೇ ತೀರುತ್ತೇನೆ. ನನ್ನ ಎಡಗೈ ಮೇಸ್ತ್ರಿಯನ್ನು ನೀವು ಕದಿಯಲಾರಿರಿ.

ಹೊ. ಟ್ರೆಲೀವನ್


ಗ್ಲೆನ್‌ಹ್ಯಾರೊ ಮನೆ
10 ಮಾರ್ಚ್ 1972

ಶ್ರೀ ಟ್ರೆಲೀವನ್ ಅವರಿಗೆ,

ನಾನು ಸುಳ್ಳು ಹೇಳಿದೆ. ಭಾಷಣದ ಬಗ್ಗೆ ಮಂಡಳಿಯವರನ್ನು ನಾನು ಕೇಳಿಯೇ ಇಲ್ಲ. ನೂರು ಜನರೆದುರು ನೀವು ನಿಂತು ಮಾತಾಡಿದ ಮೇಲೆ ಯಾರಾದರೂ ಎದ್ದು ಇದನ್ನು ಹೇಳುವುದಕ್ಕಿಂತ ಈಗ ನಾನೇ ಹೇಳುವುದು ವಾಸಿ.

ಕಾಲೇಜಿನಿಂದ ತಂದದ್ದು ನೇರಳಾತೀತ ಬೆಳಕಿನ ದೀಪ. ಕತ್ತಲಲ್ಲಿ ಅದನ್ನು ಹಿಡಿದರೆ ಹಳೆಯ ದಾರ ಸುಮ್ಮನಿರುತ್ತದೆ. ಯುದ್ಧದ ನಂತರದ ಬಿಳಿ ದಾರಕ್ಕೆ ಇನ್ನಷ್ಟು ಬೆಳ್ಳಗಾಗಲೆಂದು ಏನೋ ಸೇರಿಸುತ್ತಾರೆ, ಅದು ನೀಲಿಯಾಗಿ ಹೊಳೆಯುತ್ತದೆ. ನಮ್ಮ ಕೋಟಿನಲ್ಲಿ ಎರಡು ತೋಳುಗಳ ಸುತ್ತ ಮಾತ್ರ ದಾರ ಹೊಳೆಯಿತು. ಅದರ ಪಕ್ಕದಲ್ಲೇ ಹಳೆಯ ಸೂಜಿತೂತುಗಳು ಖಾಲಿ ಬಿದ್ದಿವೆ. ಇಂಚಿಗೆ ಆರು. ವೇಷ ಹಾಕಿ ಕುಣಿಯುವ ಔತಣಕ್ಕೋ ಯಾವುದಕ್ಕೋ ಹಿಂದೆ ಯಾರೋ ತೋಳುಗಳನ್ನು ಕಿತ್ತಿದ್ದಾರೆ. 1956ಕ್ಕೆ ಮುಂಚೆ ಇನ್ಯಾರೋ ಅವನ್ನು ಮತ್ತೆ ಕೂರಿಸಿದ್ದಾರೆ.

ನಿಮ್ಮ ಕಪ್ಪು ಕೋಟು ಡಿಸೆಂಬರ್ 11ಕ್ಕೆ ಬಂತು. ನಮ್ಮ ಕೋಟಿನಲ್ಲಿರುವಂತೆಯೇ ಗಂಟಿಲ್ಲದೆ, ಮೂರು ಪುಟ್ಟ ಹೊಲಿಗೆ ಹಿಂದಕ್ಕೆ ಹಾಕಿ ಶುರು, ಇಂಚಿಗೆ ಹದಿನಾಲ್ಕು, ಅದೇ ಕಡೆಗೆ ವಾಲಿದೆ. ಕಂಕುಳಿನ ತಳದಲ್ಲಿ ಲೈನಿಂಗ್ ಸ್ವಲ್ಪ ಸರಿಸಿ ನೋಡಿದೆ. ಶಿಲುಬೆ ಇದೆ. ಎರಡೂ ತೋಳಿನಲ್ಲಿ.

ಎಡಗೈ ಮೇಸ್ತ್ರಿ ನಿಮ್ಮ ಶ್ರೀಮತಿಯವರು. ಉಳಿದ ಎರಡು ಕೋಟುಗಳನ್ನು ನಾನು ನೋಡಿಲ್ಲ. ನೀವು ನೋಡಿದ್ದೀರಿ.

ಇನ್ನೊಂದು ಹೇಳಬೇಕು. ದೀಪದಲ್ಲಿ ಕಂಡದ್ದನ್ನು ಅವತ್ತೇ ಕೋಟಿನ ಫೈಲಿನಲ್ಲಿ ಬರೆದೆ, ಅದು ಯಾರ ಕೈ ಎಂದು ತಿಳಿಯುವ ಮೊದಲೇ. ಆ ಫೈಲು ಏಪ್ರಿಲ್‌ನಲ್ಲಿ ಮಂಡಳಿಯ ಮುಂದೆ ಹೋಗುತ್ತದೆ. ಬಿಚ್ಚಬಾರದು ಎಂಬ ನಿಯಮ ಹಳೆಯ ಹೊಲಿಗೆಗೆ ಮಾತ್ರ. ಹೊಸ ದಾರ ರೇಷ್ಮೆಗಿಂತ ಗಟ್ಟಿ, ಅದು ರೇಷ್ಮೆಯನ್ನು ಕೊಯ್ಯುತ್ತಿದೆ. ಅದನ್ನು ತೆಗೆಯಲು ಹೇಳುತ್ತಾರೆ.

ಇದನ್ನು ಬರೆಯಲು ಮೂರು ತಿಂಗಳು ಬೇಕಾಯಿತು. ಕ್ಷಮಿಸಿ.

ಇಸೊಬೆಲ್ ಮ್ಯಾಕ್‌ಹಾರ್ಡಿ


ಎಕ್ಸೆಟರ್
2 ಮೇ 1972

ಪ್ರಿಯ ಇಸೊಬೆಲ್,

ಸಾಲು ನೆಟ್ಟಗಿರಲೆಂದು ಅಳತೆಪಟ್ಟಿ ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದೇನೆ. ಒಂದರ ಮೇಲೊಂದು ಬಿದ್ದಿದ್ದರೆ ಹೊಂದಿಸಿಕೊಂಡು ಓದಿ. ನಿಮ್ಮನ್ನು ಕಳ್ಳಿ ಎಂದೆ. ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ.

ನಿಮ್ಮ ಪತ್ರವನ್ನು ನಂಬಲಿಲ್ಲ. ಒಂದು ವಾರ ನಿಮ್ಮನ್ನು ಬೈದೆ, ಇನ್ನೊಂದು ವಾರ ಹಾರ್ಬಿನ್ನನನ್ನು ಬೈದೆ. ಆಮೇಲೆ ಪಾಸ್ಕೋ ಅಮ್ಮನ ತೋಳು ಹಿಡಿದುಕೊಂಡು ಬಸ್ಸು ಹತ್ತಿ ಟಾಟ್ನೆಸ್ಸಿಗೆ ಹೋದೆ. ಕಣ್ಣಿಗೆ ಕೋಟು ಒಂದು ಕಂದು ಮೋಡ. ಕಂಕುಳಿನೊಳಗೆ ಬೆರಳು ಹಾಕಿದೆ. ಮೂರು ಸಲ ಅಲ್ಲಿಗೆ ಹೋಗಿ ಭೂತಗನ್ನಡಿಯಲ್ಲಿ ನೋಡಿದ್ದೆ, ಒಂದು ಸಲವೂ ಮುಟ್ಟಿರಲಿಲ್ಲ. ಮುಟ್ಟಿದ ಕೂಡಲೇ ಗೊತ್ತಾಯಿತು. ನನ್ನ ಅಂಗಿಗಳ ಕಾಲರು, ದಿಂಬಿನ ಚೀಲ, ಎಲ್ಲದರಲ್ಲೂ ಮೂವತ್ತು ವರ್ಷ ನನ್ನ ಮೈಗೆ ತಾಗಿದ್ದು ಅದೇ ಹೊಲಿಗೆ. ಅಲ್ಲಿಯೇ ಕುರ್ಚಿ ಕೇಳಿ ಕೂತುಬಿಟ್ಟೆ.

ಒಳಗಿನ ಹೊಲಿಗೆ ಅಷ್ಟು ನಯವಾಗಿದ್ದದ್ದು ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ನೀವು ಕೇಳಿದಿರಿ, ನಾನು ಕಥೆ ಕಟ್ಟಿದೆ. 1760ರ ಯಾವ ದರ್ಜಿಗೂ ಯಾರೂ ನೋಡದ ಜಾಗದಲ್ಲಿ ಹಾಗೆ ಹೊಲಿಯಲು ಪುರುಸೊತ್ತಿರಲಿಲ್ಲ. ಹಾಗೆ ಹೊಲಿಯುವುದು ಯಾರಾದರೂ ನೋಡಲಿ ಎಂದು ಕಾದವರು ಮಾತ್ರ.

ಒಂದು ಗುರುವಾರ ನೆನಪಿದೆ. ಅಂಗಡಿ ಮುಗಿಸಿ ಊಟಕ್ಕೆ ಬಂದರೆ ಮೇಜಿನ ತುಂಬ ಹರಡಿಕೊಂಡಿದ್ದಳು. "ಈ ನಾಟಕದೋರ ಚಿಂದಿ ತೆಗಿ ಐವಿ, ತಟ್ಟೆ ಇಡೋಕೆ ಜಾಗ ಇಲ್ಲ" ಎಂದೆ. "ಚಿಂದಿ ಅಲ್ಲ ಕಣೋ. ಇಲ್ಲಿ ಬಾ, ಈ ತೋಳು ಒಂದ್ಸಲ ನೋಡು" ಎಂದಳು. "ತೋಳು ನೋಡಿ ನೋಡಿ ಸಾಕಾಗೇ ಬಂದಿದೀನಿ, ಊಟ ಹಾಕು" ಎಂದೆ. ಅವಳು ಮಡಚಿ ಎತ್ತಿಟ್ಟಳು. ಆ ಭಾನುವಾರ ನಾನು ಇಡೀ ದಿನ ಒಂದು ಹಳೆಯ ಕೋಟಿನ ತೋಳಿನ ನಕ್ಷೆ ಬರೆದೆ.

ಆ ಹೆಚ್ಚಿನ ಬಟ್ಟೆಯನ್ನು ಅವಳು ಹೇಗೆ ಅಡಗಿಸಿದಳು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳನ್ನು ಕೇಳಬಹುದಿತ್ತು. ದಮ್ಮಯ್ಯ, ಬಿಚ್ಚಬೇಡಿ. ಮಂಡಳಿಯವರಿಗೆ ಹೇಳಿ, ಒಂದು ತಿಂಗಳು ತಡೆಯಲಿ. ನಾನು ರೈಲು ಹತ್ತಿ ಬರುತ್ತೇನೆ, ಕೈಯಿಂದ ಮುಟ್ಟಿ ಕಲಿಯುತ್ತೇನೆ.

ಹೊರೇಸ್


ಗ್ಲೆನ್‌ಹ್ಯಾರೊ ಮನೆ
9 ಮೇ 1972

ಪ್ರಿಯ ಹೊರೇಸ್,

ನಿಮ್ಮ ಪತ್ರ ಬರುವ ಹೊತ್ತಿಗೆ ಕೆಲಸ ಮುಗಿದಿತ್ತು. ಏಪ್ರಿಲ್ 25ಕ್ಕೆ ಬಿಚ್ಚಿದೆವು. "ಬಿಚ್ಚಿದೆವು" ಅನ್ನುವುದು ಕಚೇರಿಯ ಮಾತು. ಬಿಚ್ಚಿದವಳು ನಾನೇ. ಎಡಿನ್‌ಬರೋದಿಂದ ಒಬ್ಬರನ್ನು ಕರೆಸುತ್ತೇವೆಂದರು, ನಾನು ಬೇಡವೆಂದೆ.

ಮಂಡಳಿಯಲ್ಲಿ ನಾನು ಬಾಯಿ ಬಿಟ್ಟೆ, ಅದು ನಿಮಗೆ ಗೊತ್ತಿರಲಿ. ಈ ಹೊಲಿಗೆಯೂ ಉಳಿಸಿಕೊಳ್ಳಲು ಯೋಗ್ಯ, ಹೊಲಿದವರ ಹೆಸರೂ ಗೊತ್ತಿದೆ ಎಂದೆ. ಅಧ್ಯಕ್ಷರು ಒಳ್ಳೆಯವರೇ. "ಕುಮಾರಿ ಮ್ಯಾಕ್‌ಹಾರ್ಡಿ, ನಾವಿಲ್ಲಿ ಇಟ್ಟಿರೋದು ದೊರೆಗಳ ಕೋಟು, ಎಕ್ಸೆಟರಿನ ಒಬ್ಬ ಹೆಂಗಸಿನ ರಿಪೇರಿ ಅಲ್ಲವಲ್ಲ" ಎಂದರು. ರೇಷ್ಮೆ ಕೊಯ್ದು ಹೋಗುತ್ತಿದ್ದದ್ದು ನಿಜ.

ಪ್ರತಿ ಹೊಲಿಗೆಯನ್ನೂ ಬಿಚ್ಚುವ ಮೊದಲು ಕಾಗದದ ಮೇಲೆ ಗುರುತು ಹಾಕಿದೆ. ಆಮೇಲೆ ರೇಷ್ಮೆ ದಾರದಲ್ಲಿ ಹಳೆಯ ತೂತುಗಳ ಜಾಡಿನಲ್ಲಿ ತೋಳು ಕೂರಿಸಿದೆ. ಹಿಂಭಾಗದಲ್ಲಿ ಸುಕ್ಕು ಬಂತು. ಬಿಚ್ಚಿ ಐವಿಯವರ ಗುರುತಿನ ಪ್ರಕಾರ ಕೂರಿಸಿದೆ, ಮತ್ತೆ ಸುಕ್ಕು. ಮೂರನೆಯ ಸಲಕ್ಕೆ ಬಟ್ಟೆ ಎಳೆ ಬಿಡಲು ಶುರುಮಾಡಿತು, ನಿಲ್ಲಿಸಿದೆ. ಅವರು ಹೇಗೆ ಮಾಡಿದರು ಎಂದು ನಾನು ಹೇಳಲಾರೆ. ಎಲ್ಲ ಬರೆದಿಟ್ಟುಕೊಂಡಿದ್ದೇನೆ, ಬರೆದದ್ದರಲ್ಲಿ ಅದು ಇಲ್ಲ.

ಬಿಚ್ಚಿದ ದಾರ ಈ ಲಕೋಟೆಯಲ್ಲಿದೆ. ಎಸೆಯಬೇಕಿತ್ತು. ಕಪ್ಪು ಕೋಟು ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ, ಅದನ್ನು ಯಾರೂ ಮುಟ್ಟಿಲ್ಲ.

ನಿಯಮದ ಪ್ರಕಾರ ಉಳಿದ ಎರಡು ಕೋಟುಗಳ ಒಡೆಯರಿಗೂ ನಾನು ತಿಳಿಸಬೇಕು. ಅವರ ಬಟ್ಟೆಯನ್ನೂ ದಾರ ಕೊಯ್ಯುತ್ತಿರುತ್ತದೆ. ಇನ್ನೂ ಬರೆದಿಲ್ಲ.

ಇಸೊಬೆಲ್


ಎಕ್ಸೆಟರ್
23 ಮೇ 1972

ಪ್ರಿಯ ಇಸೊಬೆಲ್,

ನಾನೇ ಬರೆಯುವ ಕೊನೆಯ ಪತ್ರ ಇದು. ಈಗ ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಅಷ್ಟೇ. ನಿಮ್ಮ ಪತ್ರವನ್ನು ಪಾಸ್ಕೋ ಅಮ್ಮ ಓದಿದರು. ಅರ್ಧಕ್ಕೆ ನಿಲ್ಲಿಸಿ, "ಯಾರ್ರೀ ಈ ಐವಿ, ನಮ್ಮ ಐವಿನಾ?" ಎಂದರು. ಬೇರೆ ಯಾರೋ ಎಂದೆ. ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಊರಿಗೆಲ್ಲ ಆಗುತ್ತದೆ. ಹಾಗಾಗಿ ನೀವು ಉತ್ತರ ಬರೆದರೆ ಅವರಿಗೆ ಅರ್ಥವಾಗದಂತೆ ಬರೆಯಿರಿ.

ಲಂಡನ್ನಿಗೆ ಹೋಗಲಿಲ್ಲ. ಕಣ್ಣಿನ ನೆಪ ಹೇಳಿದೆ. ಮೂರು ಕೋಟುಗಳ ಮೂರು ಹಾಳೆಯನ್ನು ಒಲೆಗೆ ಹಾಕಿದೆ. ಉಳಿದ ಅರವತ್ತು ಹಾಳೆಗಳಿಂದ ಪುಸ್ತಕವಾಗುವುದಿಲ್ಲ ಎಂದು ಸಂಘದವರು ಮರ್ಯಾದೆಯಾಗಿ ಬರೆದಿದ್ದಾರೆ. ಮಂಚದ ಕೆಳಗಿವೆ. ಮೂವತ್ತು ವರ್ಷದ ಭಾನುವಾರಗಳು.

ಆ ಇಬ್ಬರಿಗೆ ನೀವು ಬರೆಯಬೇಡಿ. ಇದನ್ನು ಕೇಳುವುದು ತಪ್ಪು, ಕೇಳುತ್ತಿದ್ದೇನೆ. ಅವಳ ಹೆಸರನ್ನು ಪುಸ್ತಕದಲ್ಲಿ ಹಾಕಬೇಕು, ಜಗತ್ತಿಗೆ ಹೇಳಬೇಕು ಎಂದು ಮೊದಲು ಆವೇಶ ಬಂದಿತ್ತು. ಆಮೇಲೆ ಯೋಚಿಸಿದೆ. ಇನ್ನೂರು ವರ್ಷದ ಹಿಂದೆ ಸತ್ತ ಗಂಡಸು ಎಂದುಕೊಂಡಿರುವವರೆಗೆ ಅವಳನ್ನು ಯಾರೂ ಮುಟ್ಟುವುದಿಲ್ಲ, ಗಾಜಿನ ಹಿಂದೆ ಇಟ್ಟು ಕಾಯುತ್ತಾರೆ. ನನ್ನ ಹೆಂಡತಿ ಎಂದು ಗೊತ್ತಾದ ದಿನ ಕತ್ತರಿ ತರುತ್ತಾರೆ. ರೇಷ್ಮೆ ಕೊಯ್ದು ಹೋದರೆ ಹೋಗಲಿ. ಬದುಕಿದ್ದಾಗ ಮೇಜು ಖಾಲಿ ಮಾಡು ಎಂದವನು ನಾನು, ಈಗ ಮತ್ತೊಮ್ಮೆ ಅದನ್ನೇ ಹೇಳಲಾರೆ.

ದಾರ ಸಿಕ್ಕಿತು. ಬೆರಳಿಗೆ ಸುತ್ತಿ ನೋಡಿದೆ. ಅದರಲ್ಲಿ ಏನೂ ಗೊತ್ತಾಗುವುದಿಲ್ಲ.

ಹೊರೇಸ್


ಗ್ಲೆನ್‌ಹ್ಯಾರೊ ಮನೆ
1 ಜೂನ್ 1972

ಶ್ರೀ ಟ್ರೆಲೀವನ್ ಅವರಿಗೆ,

ನಿಮ್ಮ ಮೇ 23ರ ಪತ್ರ ತಲುಪಿದೆ.

ನೀವು ಹೇಳುವ ಬೇರೆ ಎರಡು ಕೋಟುಗಳ ವಿಷಯ ನನಗೆ ಏನೂ ಗೊತ್ತಿಲ್ಲ. ನಿಮ್ಮ ಹಳೆಯ ಪತ್ರಗಳಲ್ಲಿ ಇದ್ದಿರಬಹುದೇನೋ ಎಂದು ಫೈಲಿನಲ್ಲಿ ಹುಡುಕಿದೆ. ನಿಮ್ಮಿಂದ ಬಂದ ಒಂದು ಪತ್ರವೂ ಅಲ್ಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಈ ಕೋಣೆಯಿಂದ ಕಾಗದ ಕಳೆದದ್ದು ಇದೇ ಮೊದಲು. ಮಂಡಳಿಯವರಿಗೂ ಹಾಗೆಯೇ ತಿಳಿಸಿದ್ದೇನೆ.

ಕಪ್ಪು ಕೋಟನ್ನು ಪೆಟ್ಟಿಗೆಯಲ್ಲಿಡಬೇಡಿ, ಹಾಕಿಕೊಳ್ಳಿ. ಇಟ್ಟ ಬಟ್ಟೆಗೇ ಹುಳ ಬೀಳುವುದು.

ನಮ್ಮ ನೇರಳೆ ಸೂಟನ್ನು ಜನರಿಗೆ ನೋಡಲು ಹೊರಗಿಟ್ಟಿದ್ದೇವೆ. ಎಡತೋಳಿನ ಹಿಂದೆ ಆ ಸುಕ್ಕು ಹಾಗೇ ಇದೆ. ಇದುವರೆಗೆ ಬಂದವರು ಯಾರೂ ಅದನ್ನು ಕೇಳಲಿಲ್ಲ.

ಇಸೊಬೆಲ್ ಮ್ಯಾಕ್‌ಹಾರ್ಡಿ